ಹಳೆ ಕಾರಿನ ಎಂಜಿನ್ ಕಟಕಟ ಅಂದು ಪವರ್ ಕಳೆದುಕೊಂಡರೆ ಟ್ಯಾಂಕಿಗೆ ಥಿನ್ನರ್ ಹಾಕಿದರೆ ಸರಿಹೋಗುತ್ತದೆಯೇ?

"ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು ಇದೆಯೇ? ಎಂಜಿನ್ ಕಟಕಟ ಸದ್ದು ಮಾಡುತ್ತಿದೆಯೇ? ಏರು ಹತ್ತಲು ಒದ್ದಾಡುತ್ತಿದೆಯೇ? ಗ್ಯಾರೇಜಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಅರ್ಧ ಟ್ಯಾಂಕ್ ಪೆಟ್ರೋಲಿಗೆ ಒಂದು ಲೀಟರ್ ಪೇಂಟ್ ಥಿನ್ನರ್ ಹಾಕಿ, ಜೋರಾಗಿ ಓಡಿಸಿ. ಎಂಜಿನ್ ಹೊಸದಾಗುತ್ತದೆ. ಎಲ್ಲರಿಗೂ ಕಳುಹಿಸಿ."

ಇಂತಹ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವರು ಥಿನ್ನರ್ ಬದಲು ಸೀಮೆಎಣ್ಣೆ ಎನ್ನುತ್ತಾರೆ, ಕೆಲವರು ದಪ್ಪ ಎಂಜಿನ್ ಆಯಿಲ್ ಎನ್ನುತ್ತಾರೆ, ಇನ್ನು ಕೆಲವರು ದುಬಾರಿ 100 ಆಕ್ಟೇನ್ ಪೆಟ್ರೋಲ್ ಹಾಕಿಸಿ ಎನ್ನುತ್ತಾರೆ. ನಮ್ಮ ಮಟ್ಟಿಗೆ ಇದು ಬರೀ ಇನ್ನೊಂದು ಫಾರ್ವರ್ಡ್ ಆಗಿರಲಿಲ್ಲ. ಏಕೆಂದರೆ ಇದನ್ನು ನಂಬಿ ನಮ್ಮ ಮನೆಯಲ್ಲೇ ಒಂದು ಲೀಟರ್ ಥಿನ್ನರ್ ತಂದು ಇಡಲಾಗಿತ್ತು.

ಸಂಕ್ಷಿಪ್ತ ಉತ್ತರ: ಇಲ್ಲ, ಸರಿಹೋಗುವುದಿಲ್ಲ. ಕಟಕಟ ಸದ್ದಿಗೂ ಪವರ್ ಕಡಿಮೆಯಾಗುವುದಕ್ಕೂ ಹತ್ತಾರು ಬೇರೆ ಬೇರೆ ಕಾರಣಗಳಿವೆ. ಎಲ್ಲಕ್ಕೂ ಒಂದೇ ಔಷಧಿ ಇರಲು ಸಾಧ್ಯವಿಲ್ಲ. ಥಿನ್ನರ್ ರಬ್ಬರ್ ಭಾಗಗಳನ್ನು ಹಾಳು ಮಾಡಬಹುದು, ಬೆಂಕಿಯ ಅಪಾಯವನ್ನೂ ತರುತ್ತದೆ. ಸದ್ದು ಯಾವಾಗ, ಎಲ್ಲಿಂದ ಬರುತ್ತದೆ ಎಂದು ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ನಾವೇ ಊಹಿಸಬಹುದು. ಗ್ಯಾರೇಜಿನಲ್ಲಿ ಅನಗತ್ಯ ಖರ್ಚನ್ನೂ ತಪ್ಪಿಸಬಹುದು.

ನಮ್ಮ ಕಾರಿಗೆ ಏನಾಗಿತ್ತು?

ನಮ್ಮ ಮನೆಯದು 2012ರ ಸಣ್ಣ ಪೆಟ್ರೋಲ್ ಕಾರು. ಓಡಿರುವುದು 1 ಲಕ್ಷ 20 ಸಾವಿರ ಕಿಲೋಮೀಟರ್. ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಕಾರು ಕೈಕೊಟ್ಟಿತು. ಒಳಗೆ ಐದು ಜನ, ಎಸಿ ಆನ್. ಎರಡನೇ ಗೇರಿನಲ್ಲಿ ಹತ್ತಬೇಕಾದ ಏರನ್ನು ಮೊದಲ ಗೇರಿನಲ್ಲೂ ಹತ್ತಲು ಕಷ್ಟವಾಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮೇಲೇಳುತ್ತಿರಲಿಲ್ಲ. ಸೀಟಿನ ಕೆಳಗೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತಹ ಸದ್ದು. ಹಿಂದೆ ಲಾರಿಗಳ ಸಾಲು. ಎಸಿ ಆರಿಸಿ, ಇಬ್ಬರು ಇಳಿದು ಬೇರೆ ವಾಹನ ಹತ್ತಿ, ಹೇಗೋ ಕೊಟ್ಟಿಗೆಹಾರ ತಲುಪಿದೆವು.

ಊರಿಗೆ ಬಂದ ಮೇಲೆ ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ತೆಗೆದು ಎರಡು ನಿಮಿಷ ಕೇಳಿ, "ಎಂಜಿನ್ ಮುಗಿದಿದೆ, ಇಳಿಸಬೇಕು, ನಲವತ್ತು ಸಾವಿರ ಆಗುತ್ತದೆ" ಎಂದರು. ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಕಾರಿನ ಮಾರುಕಟ್ಟೆ ಬೆಲೆಯೇ ಒಂದು ಲಕ್ಷದ ಆಸುಪಾಸು. ಅಪ್ಪ ಮಾರಿಬಿಡುವುದೋ, ಫಾರ್ವರ್ಡ್ ಹೇಳಿದಂತೆ ಥಿನ್ನರ್ ಹಾಕಿ ನೋಡುವುದೋ ಎಂಬ ಯೋಚನೆಯಲ್ಲಿದ್ದರು. ನಾವು ಮೆಕ್ಯಾನಿಕ್‌ಗಳಲ್ಲ. ಆದರೆ ಫಾರ್ವರ್ಡ್‌ಗಳನ್ನು ಪರಿಶೀಲಿಸುವುದು ನಮ್ಮ ಕೆಲಸ. ಒಂದೆರಡು ದಿನ ತಡೆಯಿರಿ ಎಂದು ಕೇಳಿಕೊಂಡೆವು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಎಲ್ಲ ಕಟಕಟವೂ ಒಂದೇ ಅಲ್ಲ

ಜ್ವರ ಎಂದ ಕೂಡಲೇ ಡಾಕ್ಟರು "ಯಾವಾಗ ಬರುತ್ತದೆ, ಚಳಿ ಇದೆಯೇ" ಎಂದು ಕೇಳುತ್ತಾರಲ್ಲ, ಎಂಜಿನ್ ಸದ್ದಿಗೂ ಹಾಗೆಯೇ ಕೇಳಬೇಕು. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನಿಂತಾಗಲೋ ಏರು ಹತ್ತುವಾಗಲೋ? ಮೇಲಿಂದಲೋ ಕೆಳಗಿಂದಲೋ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ರೋಗ ಪತ್ತೆಯಾದಂತೆ.

1. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವೇ ಸೆಕೆಂಡು ಕರಕರ, ಆಮೇಲೆ ಮಾಯ. ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಆಯಿಲ್ ಒತ್ತಡ ಬರುವವರೆಗೆ ಟೈಮಿಂಗ್ ಚೈನ್ ಬಿಗಿ ಮಾಡುವ ಟೆನ್ಷನರ್ ಅಥವಾ ಹೈಡ್ರಾಲಿಕ್ ಲಿಫ್ಟರ್‌ಗಳು ಸದ್ದು ಮಾಡುತ್ತವೆ. ಒಂದೆರಡು ಸೆಕೆಂಡಾದರೆ ಆತಂಕ ಬೇಡ. ದಿನೇದಿನೇ ಹೆಚ್ಚು ಹೊತ್ತು ಬರುತ್ತಿದ್ದರೆ ಆಯಿಲ್ ಮಟ್ಟ ನೋಡಿ, ಚೈನ್ ತೋರಿಸಿ.

2. ಮೇಲಿನಿಂದ ಹೊಲಿಗೆ ಯಂತ್ರದಂತೆ ಟಿಕ್ ಟಿಕ್. ಇದು ಸಾಮಾನ್ಯವಾಗಿ ವಾಲ್ವ್‌ಗಳ ಬಳಿಯ ಸದ್ದು. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಎಂಜಿನ್ ವೇಗದ ಅರ್ಧದಷ್ಟೇ ತಿರುಗುತ್ತದೆ. ನಿಂತ ಎಂಜಿನ್ ನಿಮಿಷಕ್ಕೆ 800 ಸುತ್ತು ಸುತ್ತುತ್ತಿದ್ದರೆ, ಸಡಿಲವಾದ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಟಿಕ್ ಎನ್ನುತ್ತದೆ. ಹಳೆಯ ಕಾರುಗಳಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಎಂಜಿನ್ ಇಳಿಸುವ ಅಗತ್ಯವಿಲ್ಲ.

3. ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಇಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸೋರುತ್ತಿರಬಹುದು. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಸದ್ದು ಸಣ್ಣದಾದರೂ ಇದನ್ನು ಕಡೆಗಣಿಸಬೇಡಿ. ಸೋರುವುದು ಕಾರ್ಬನ್ ಮಾನಾಕ್ಸೈಡ್ ಇರುವ ಹೊಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಬಂದರೆ ತಲೆನೋವು, ಮಂಪರು, ಪ್ರಾಣಾಪಾಯ.

4. ಏರು ಹತ್ತುವಾಗ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಗೋಲಿ ಅಲ್ಲಾಡಿಸಿದಂತಹ ಸದ್ದು. ಇದನ್ನು ಗ್ಯಾರೇಜಿನವರು ನಾಕಿಂಗ್ ಅಥವಾ ಪಿಂಗಿಂಗ್ ಎನ್ನುತ್ತಾರೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನೊಳಗೆ ಹರಡಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಇಂಧನ ತಾನಾಗಿ ಸ್ಫೋಟಿಸುತ್ತದೆ. ಒಳಗೆ ಕಟ್ಟಿದ ಕಾರ್ಬನ್, ಹೆಚ್ಚಾದ ಬಿಸಿ, ತಪ್ಪಾದ ಇಗ್ನಿಷನ್ ಟೈಮಿಂಗ್, ಕಡಿಮೆ ಆಕ್ಟೇನ್ ಇಂಧನ ಇದಕ್ಕೆ ಮುಖ್ಯ ಕಾರಣಗಳು. ನಾಕ್ ಸೆನ್ಸರ್ ಇರುವ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಇದನ್ನು ಗುರುತಿಸಿ ಸ್ಪಾರ್ಕನ್ನು ತಡವಾಗಿ ಕೊಡುತ್ತದೆ. ಸದ್ದು ಕಡಿಮೆಯಾಗುತ್ತದೆ, ಜೊತೆಗೆ ಪವರ್ ಕೂಡ.

5. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡು ನಡುಗಿದ ಸದ್ದು. ಸೈಲೆನ್ಸರ್ ಕೊಳವೆಯ ಮೇಲಿನ ಹೀಟ್ ಶೀಲ್ಡ್ ಎಂಬ ತೆಳು ತಗಡಿನ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿರಬಹುದು. ಹಳೆ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಒಂದು ಕ್ಲ್ಯಾಂಪ್ ಹಾಕಿದರೆ ಮುಗಿಯಿತು.

6. ಎಸಿ ಹಾಕಿದಾಗ ಮಾತ್ರ ಬರುವ ಸದ್ದು. ಎಂಜಿನ್ ಅಲ್ಲ, ಎಸಿ ಕಂಪ್ರೆಸರ್ ಅಥವಾ ಅದರ ಪುಲ್ಲಿ ಕಡೆ ನೋಡಿ. ಆಲ್ಟರ್ನೇಟರ್, ವಾಟರ್ ಪಂಪ್‌ಗಳ ಬೇರಿಂಗ್ ಸವೆದರೂ ಗುರ್ ಎಂಬ ಸದ್ದು ಎಂಜಿನ್‌ನದ್ದೇ ಎನಿಸುತ್ತದೆ.

7. ಕೆಳಗಿನಿಂದ ದಬ್ ದಬ್ ಎಂಬ ಗಟ್ಟಿ ಪೆಟ್ಟು, ಭಾರ ಬಿದ್ದಾಗ ಹೆಚ್ಚಾಗುತ್ತದೆ. ಇದು ನಿಜಕ್ಕೂ ಅಪಾಯದ ಸದ್ದು. ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿರಬಹುದು. ಜೊತೆಗೆ ಕೆಂಪು ಆಯಿಲ್ ದೀಪ ಹತ್ತಿದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. "ಮನೆ ಹತ್ತಿರವೇ ಇದೆ" ಎಂದು ಓಡಿಸಿದರೆ ಆ ಕೆಲವು ಕಿಲೋಮೀಟರ್‌ಗಳಲ್ಲೇ ಎಂಜಿನ್ ಹಾಳಾಗಬಹುದು.

ಈ ಏಳರಲ್ಲಿ ಎಂಜಿನ್ ಇಳಿಸಲೇಬೇಕಾಗಿ ಬರುವ ಸಾಧ್ಯತೆ ಹೆಚ್ಚಿರುವುದು ಕೊನೆಯದರಲ್ಲಿ ಮಾತ್ರ ಎಂಬುದನ್ನು ಗಮನಿಸಿ.

ಪವರ್ ಏಕೆ ಕಡಿಮೆಯಾಗುತ್ತದೆ?

ಪೆಟ್ರೋಲ್ ಎಂಜಿನ್‌ಗೆ ಬೇಕಾದ್ದು ಐದು: ಗಾಳಿ ಒಳಗೆ ಬರಬೇಕು, ಪೆಟ್ರೋಲ್ ಬರಬೇಕು, ಸರಿಯಾದ ಸಮಯಕ್ಕೆ ಕಿಡಿ ಬರಬೇಕು, ಸಿಲಿಂಡರಿನೊಳಗೆ ಒತ್ತಡ ನಿಲ್ಲಬೇಕು, ಸುಟ್ಟ ಹೊಗೆ ಹೊರಗೆ ಹೋಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪವರ್ ಇಳಿಯುತ್ತದೆ. ಒಳಗೆ ಬರುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಹೊರಗೆ ಹೋಗುವ ದಾರಿಯನ್ನು ನೋಡಲು ಮರೆಯುವುದೇ ಹೆಚ್ಚು.

ಎಂಜಿನ್ ಚೆನ್ನಾಗಿದ್ದರೂ ಕಾರು ಎಳೆಯದಿರುವುದುಂಟು. ಅದನ್ನು ಮೊದಲೇ ಬೇರ್ಪಡಿಸಿಕೊಳ್ಳಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ವೇಗ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಬಳಿ ಮಾತ್ರ ವಿಪರೀತ ಬಿಸಿ ಬಡಿದರೆ, ಸುಟ್ಟ ವಾಸನೆ ಬಂದರೆ, ಬ್ರೇಕ್ ಹಿಡಿದುಕೊಂಡಿದೆ. ಚಕ್ರವನ್ನು ಮುಟ್ಟಿ ನೋಡಬೇಡಿ, ಕೈ ಸುಡುತ್ತದೆ.

ಎತ್ತರದ ಲೆಕ್ಕವೂ ಇದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರ ಮಟ್ಟದ ಮಂಗಳೂರಿಗೆ ಹೋಲಿಸಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಶೇ 8ರಿಂದ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನ ಪವರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿ ಕಡೆ ಹೋದಾಗ ಸಣ್ಣ ಕಾರು ಮಂಕಾದರೆ ಅದು ರೋಗವಲ್ಲ. ಆದರೆ ಕೆಳಗೆ ಇಳಿದ ಮೇಲೂ ಹಾಗೆಯೇ ಇದ್ದರೆ ರೋಗ.

"ಎಲ್ಲಾ ಇ20 ಪೆಟ್ರೋಲಿನ ದೋಷ" ಎಂಬ ಮಾತನ್ನೂ ಕೇಳಿದ್ದೇವೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಶಕ್ತಿ ಮಾತ್ರ ಇದೆ. ಪೂರ್ಣ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳು ಇ20 ಬಳಸಿದರೆ ಇಂಧನ ದಕ್ಷತೆ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಹಳೆಯ ರಬ್ಬರ್ ಭಾಗಗಳ ಮೇಲೂ ಪರಿಣಾಮ ಆಗಬಹುದು. ಆದರೆ ಎಥೆನಾಲ್‌ನ ಆಕ್ಟೇನ್ ಹೆಚ್ಚು, ಅದು ನಾಕಿಂಗ್ ಅನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಮೈಲೇಜ್ ಸ್ವಲ್ಪ ಇಳಿದರೆ ಇ20 ಕಾರಣವಿರಬಹುದು. ಮೊದಲ ಗೇರಿನಲ್ಲೂ ಘಾಟಿ ಹತ್ತದಿದ್ದರೆ ಬೇರೆ ಕಾರಣ ಹುಡುಕಬೇಕು.

ಸದ್ದು ಮತ್ತು ಪವರ್ ನಷ್ಟ ಒಟ್ಟಿಗೆ ಬಂದರೆ?

ನಮ್ಮ ಕಾರಿನ ಒಗಟು ಬಿಡಿಸಿದ್ದು ಇದೇ ಪ್ರಶ್ನೆ. ಎರಡನ್ನೂ ಒಟ್ಟಿಗೆ ಮಾಡಬಲ್ಲ, ಆದರೆ ಅನೇಕರು ಯೋಚಿಸದ ಒಂದು ಭಾಗವಿದೆ: ಕ್ಯಾಟಲಿಟಿಕ್ ಕನ್ವರ್ಟರ್.

ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು 1995ರಲ್ಲಿ ದೊಡ್ಡ ನಗರಗಳಿಂದ ಕಡ್ಡಾಯ ಮಾಡಲು ಆರಂಭಿಸಲಾಯಿತು. ಎಂಜಿನ್‌ನಿಂದ ಹೊರಡುವ ಹೊಗೆಕೊಳವೆಯಲ್ಲಿ, ಸೈಲೆನ್ಸರಿಗಿಂತ ಮುಂಚೆ, ಒಂದು ಉಕ್ಕಿನ ಡಬ್ಬ ಇರುತ್ತದೆ. ಅದರೊಳಗೆ ಜೇನುಗೂಡಿನಂತಹ ಸೆರಾಮಿಕ್ ಇಟ್ಟಿಗೆ. ಒಂದು ಚದರ ಇಂಚಿಗೆ ಸಾಮಾನ್ಯವಾಗಿ 400ರಷ್ಟು ಸಣ್ಣ ರಂಧ್ರಗಳು. ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ವಿಷಕಾರಿ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು, ಸುಡದೆ ಉಳಿದ ಪೆಟ್ರೋಲ್ ಇಲ್ಲಿ ಇಂಗಾಲದ ಡೈಆಕ್ಸೈಡ್, ನೈಟ್ರೋಜನ್, ನೀರಿನ ಆವಿಯಾಗಿ ಬದಲಾಗುತ್ತವೆ.

ಈಗ ಒಂದು ಸಿಲಿಂಡರಿನ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಹಾಳಾಗಿದೆ ಎಂದುಕೊಳ್ಳಿ. ಕಿಡಿ ಸರಿಯಾಗಿ ಬರುವುದಿಲ್ಲ. ಆ ಸಿಲಿಂಡರಿನ ಪೆಟ್ರೋಲ್ ಸುಡದೆ ಹೊರಗೆ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ. ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವ ಡಬ್ಬ ಅದಕ್ಕಿಂತ ತುಂಬಾ ಹೆಚ್ಚು ಕಾಯುತ್ತದೆ. ಸೆರಾಮಿಕ್ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕರಗಿ ರಂಧ್ರಗಳು ಮುಚ್ಚುತ್ತವೆ. ಒಡೆದ ಚೂರುಗಳು ಡಬ್ಬದೊಳಗೆ ಅಲ್ಲಾಡಿ ಕಟಕಟ ಎನ್ನುತ್ತವೆ. ಅದೇ ಚೂರುಗಳು ಹೊಗೆಯ ದಾರಿಗೆ ಅಡ್ಡ ಬೀಳುತ್ತವೆ. ಹಳೆ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಒಳಗೆ ಜಾಗವೆಲ್ಲಿ? ಕಾರು ನಿಂತಾಗ ಸರಿಯಾಗೇ ಇರುತ್ತದೆ, ಹೆಚ್ಚು ಗಾಳಿ ಬೇಕಾದ ಏರಿನಲ್ಲಿ ಮಾತ್ರ ಉಸಿರುಗಟ್ಟುತ್ತದೆ.

ನಮ್ಮ ಕಾರಿನಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ನಡುಕ ಶುರುವಾಗಿ ತಿಂಗಳುಗಳಾಗಿದ್ದವು. ಚೆಕ್ ಎಂಜಿನ್ ದೀಪವೂ ಹತ್ತಿತ್ತು. "ಓಡುತ್ತಿದೆಯಲ್ಲ, ಸಾಕು" ಎಂದು ನಾವೇ ಬಿಟ್ಟಿದ್ದೆವು. ತಪ್ಪು ಗ್ಯಾರೇಜಿನದ್ದಷ್ಟೇ ಅಲ್ಲ, ನಮ್ಮದೂ ಇತ್ತು.

ಹೇಗೆ ಪತ್ತೆ ಮಾಡಿದೆವು?

ಎರಡನೇ ಗ್ಯಾರೇಜಿನ ಮೆಕ್ಯಾನಿಕ್ ನಾಲ್ಕು ಕೆಲಸ ಮಾಡಿದರು. ಇವನ್ನು ನೀವೂ ಕೇಳಿ ಮಾಡಿಸಬಹುದು.

ಮೊದಲನೆಯದು, ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿದರು. ಪಿ0302 ಎಂದು ಬಂತು. ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ0300 ಎಂದರೆ ಯಾವುದೇ ಒಂದಕ್ಕೆ ಸೀಮಿತವಲ್ಲದ ಮಿಸ್‌ಫೈರ್, ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಪಿ0420 ಬಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು. ನೆನಪಿಡಿ, ಕೋಡ್ ದಿಕ್ಕು ತೋರಿಸುತ್ತದೆ ಅಷ್ಟೇ, ಯಾವ ಭಾಗ ಬದಲಿಸಬೇಕು ಎಂದು ಹೇಳುವುದಿಲ್ಲ.

ಎರಡನೆಯದು, ಕಂಪ್ರೆಷನ್ ಟೆಸ್ಟ್. ಪ್ಲಗ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ಎಂಜಿನ್ ತಿರುಗಿಸುತ್ತಾರೆ. ನಾಲ್ಕೂ ಸಿಲಿಂಡರ್‌ಗಳು 165ರಿಂದ 175 ಪಿಎಸ್‌ಐ ನಡುವೆ ತೋರಿಸಿದವು. ಸರಿಯಾದ ಅಂಕಿ ಪ್ರತಿ ಎಂಜಿನ್‌ಗೆ ಬೇರೆ ಬೇರೆ. ಆದರೆ ಅತಿ ಕಡಿಮೆ ತೋರಿಸುವ ಸಿಲಿಂಡರ್ ಅತಿ ಹೆಚ್ಚು ತೋರಿಸುವುದರ ಶೇ 75ಕ್ಕಿಂತ ಕೆಳಗಿರಬಾರದು ಎಂಬುದು ರೂಢಿಯ ನಿಯಮ. "ಎಂಜಿನ್ ಮುಗಿದಿದೆ" ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಪಿಸ್ಟನ್ ರಿಂಗ್ ಸವೆದಿದ್ದರೆ ಈ ಅಂಕಿಗಳು ಬರುತ್ತಲೇ ಇರಲಿಲ್ಲ.

ಮೂರನೆಯದು, ವ್ಯಾಕ್ಯೂಮ್ ಗೇಜ್. ಇಂಟೇಕ್ ಮ್ಯಾನಿಫೋಲ್ಡ್‌ಗೆ ಗೇಜ್ ಜೋಡಿಸಿ ಎಂಜಿನ್ ವೇಗವನ್ನು 2,500 ಸುತ್ತಿನಲ್ಲಿ ಹಿಡಿದರು. ಹೊಗೆಯ ದಾರಿ ಸರಿಯಿದ್ದರೆ ಮುಳ್ಳು ಸ್ಥಿರವಾಗಿ ನಿಲ್ಲುತ್ತದೆ. ನಮ್ಮದು ನಿಧಾನವಾಗಿ ಕೆಳಗಿಳಿಯತೊಡಗಿತು. ಹೊಗೆ ಹೊರಹೋಗದೆ ಒತ್ತಡ ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಇದು ಗುರುತು.

ನಾಲ್ಕನೆಯದು, ತೀರಾ ಸರಳ. ಕಾರು ಪೂರ್ತಿ ತಣ್ಣಗಾದ ಮೇಲೆ ಕನ್ವರ್ಟರ್ ಡಬ್ಬವನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಒಳಗಿನಿಂದ ಚಾರ್ಮಾಡಿಯಲ್ಲಿ ಕೇಳಿದ ಅದೇ ಕಲ್ಲಿನ ಸದ್ದು.

ಒಂದು ಇಗ್ನಿಷನ್ ಕಾಯಿಲ್, ನಾಲ್ಕು ಪ್ಲಗ್, ಒಂದು ಹೊಸ ಕನ್ವರ್ಟರ್ ಹಾಕಿಸಿದೆವು. ಮೊದಲ ಗ್ಯಾರೇಜು ಹೇಳಿದ ಮೊತ್ತದ ಅರ್ಧಕ್ಕಿಂತ ಕಡಿಮೆ ಖರ್ಚಾಯಿತು. ಕನ್ವರ್ಟರ್ ಒಂದನ್ನೇ ಬದಲಿಸಿ ಮಿಸ್‌ಫೈರ್ ಹಾಗೇ ಬಿಟ್ಟಿದ್ದರೆ ಹೊಸದೂ ಒಡೆಯುತ್ತಿತ್ತು. ರೋಗದ ಮೂಲ ಹುಡುಕಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಫಾರ್ವರ್ಡ್‌ಗಳ ಮದ್ದು ಏನು ಮಾಡುತ್ತವೆ?

ಥಿನ್ನರ್: ಟ್ಯಾಂಕಿಗೆ ಹಾಕಿದ ಥಿನ್ನರ್ ಪೆಟ್ರೋಲಿನ ಜೊತೆ ಸಿಲಿಂಡರಿನಲ್ಲೇ ಉರಿದುಹೋಗುತ್ತದೆ. ಅದು ದ್ರವವಾಗಿ ಕನ್ವರ್ಟರ್‌ವರೆಗೆ ಹೋಗಿ ಅಲ್ಲಿ ತೊಳೆಯುವುದೇ ಇಲ್ಲ. ಹೋದರೂ ಒಡೆದ ಸೆರಾಮಿಕ್ ಇಟ್ಟಿಗೆಯನ್ನು ಯಾವ ದ್ರಾವಣವೂ ಅಂಟಿಸುವುದಿಲ್ಲ. ಥಿನ್ನರ್‌ನಲ್ಲಿರುವ ಟಾಲ್ವೀನ್, ಅಸಿಟೋನ್‌ನಂತಹ ದ್ರಾವಕಗಳು ಇಂಧನ ಪಂಪ್, ಕೊಳವೆ, ಸೀಲ್‌ಗಳ ರಬ್ಬರ್ ಮತ್ತು ಪ್ಲಾಸ್ಟಿಕ್ಕನ್ನು ಉಬ್ಬಿಸಿ ಹಾಳು ಮಾಡಬಹುದು. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. "ಹಾಕಿದ ಮೇಲೆ ನಮ್ಮದು ಸರಿಹೋಯಿತು" ಎನ್ನುವವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಬಿಟ್ಟು ಬಿಟ್ಟು ಬರುವ ದೋಷಗಳು ಕೆಲವು ದಿನ ತಾವಾಗಿಯೇ ಸುಮ್ಮನಿರುತ್ತವೆ, ಯಶಸ್ಸು ಥಿನ್ನರ್‌ಗೆ ಸಲ್ಲುತ್ತದೆ.

ಸೀಮೆಎಣ್ಣೆ: ಇದರ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಕಡಿಮೆ. ಹಾಕಿದರೆ ನಾಕಿಂಗ್ ಹೆಚ್ಚುತ್ತದೆ, ಹೊಗೆ ಹೆಚ್ಚುತ್ತದೆ, ಒಳಗೆ ಕಾರ್ಬನ್ ಕಟ್ಟುತ್ತದೆ. ಮದ್ದೇ ರೋಗ.

ದಪ್ಪ ಎಂಜಿನ್ ಆಯಿಲ್: ಕೆಲವು ಸದ್ದುಗಳು ತಾತ್ಕಾಲಿಕವಾಗಿ ಅಡಗಬಹುದು. ಆದರೆ ತಣ್ಣನೆಯ ಬೆಳಗ್ಗೆ ದಪ್ಪ ಆಯಿಲ್ ಮೇಲಿನ ಭಾಗಗಳನ್ನು ತಲುಪಲು ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲೇ ಸವೆತ. ಕಾರಿನ ಕೈಪಿಡಿಯಲ್ಲಿ ಬರೆದ ದರ್ಜೆಯನ್ನೇ ಹಾಕಿಸಿ. ಸದ್ದು ಅಡಗಿಸುವುದು ದುರಸ್ತಿಯಲ್ಲ.

100 ಆಕ್ಟೇನ್ ಪೆಟ್ರೋಲ್: ಆಕ್ಟೇನ್ ಎಂದರೆ ಶಕ್ತಿಯ ಅಳತೆಯಲ್ಲ, ನಾಕಿಂಗ್ ತಡೆಯುವ ಗುಣದ ಅಳತೆ. ಸಾಮಾನ್ಯ ಪೆಟ್ರೋಲಿಗೆ ವಿನ್ಯಾಸಗೊಂಡ, ನಾಕಿಂಗ್ ಇಲ್ಲದ ಎಂಜಿನ್‌ಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಆದರೆ ಪರೀಕ್ಷೆಯಾಗಿ ಉಪಯೋಗವಿದೆ. ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿಸಿ ಅದೇ ಏರು ಹತ್ತಿದಾಗ ಗೋಲಿ ಸದ್ದು ನಿಂತರೆ ಅದು ನಾಕಿಂಗ್ ಎಂದು ಬಹುತೇಕ ಖಚಿತ. ನಿಲ್ಲದಿದ್ದರೆ ಬೇರೆ ಕಡೆ ಹುಡುಕಿ.

"ಕನ್ವರ್ಟರ್ ಒಳಗಿನದ್ದು ಒಡೆದು ತೆಗೆದುಬಿಡಿ": ಇದು ಫಾರ್ವರ್ಡ್‌ನಲ್ಲಷ್ಟೇ ಅಲ್ಲ, ಗ್ಯಾರೇಜಿನಲ್ಲೂ ಸಿಗುವ ಸಲಹೆ. ನಮಗೂ ಸಿಕ್ಕಿತ್ತು. ಖಾಲಿ ಡಬ್ಬ ಇಟ್ಟರೆ ಸದ್ದು ನಿಲ್ಲುತ್ತದೆ, ಪವರ್ ಬರುತ್ತದೆ, ಖರ್ಚೂ ಇಲ್ಲ. ಆದರೆ ವಿಷಕಾರಿ ಹೊಗೆ ನೇರವಾಗಿ ಬೀದಿಗೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಮಾಲಿನ್ಯ ಮಿತಿ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ತೆಗೆದ ಸೆರಾಮಿಕ್‌ನಲ್ಲಿ ಬೆಲೆಬಾಳುವ ಲೋಹ ಇರುವುದರಿಂದ ಅದಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ ಎಂಬುದೂ ಗೊತ್ತಿರಲಿ. "ಸುಮ್ಮನೆ ತೆಗೆದುಕೊಡುತ್ತೇವೆ" ಎನ್ನುವವರು ಸುಮ್ಮನೆ ತೆಗೆಯುತ್ತಿಲ್ಲ.

ಮನೆಯಲ್ಲೇ ನೀವು ಏನು ನೋಡಬಹುದು?

ಕಡಿಮೆ ಖರ್ಚಿನದ್ದರಿಂದ ಶುರುಮಾಡಿ.

- ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನೋಡಿ.
- ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಷ್ಟು ಧೂಳಿದ್ದರೆ ಬದಲಿಸಿ.
- ಪ್ಲಗ್, ಫ್ಯೂಯೆಲ್ ಫಿಲ್ಟರ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು ಎಂದು ಹಳೆ ಬಿಲ್ ತೆಗೆದು ನೋಡಿ.
- ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಒಮ್ಮೆ ಬೆಳಗ್ಗೆ ತಣ್ಣಗಿದ್ದಾಗ, ಒಮ್ಮೆ ಬಿಸಿಯಾದ ಮೇಲೆ, ಒಮ್ಮೆ ಎಸಿ ಹಾಕಿ. ಗ್ಯಾರೇಜಿಗೆ ಹೋದಾಗ ಸದ್ದು ಬಾರದೇ ಇರುವುದು ಎಲ್ಲರ ಅನುಭವ, ಆಗ ಇದು ಸಹಾಯಕ್ಕೆ ಬರುತ್ತದೆ. ಓಡಿಸುವಾಗ ರೆಕಾರ್ಡ್ ಮಾಡಬೇಕಿದ್ದರೆ ಪಕ್ಕದಲ್ಲಿ ಕುಳಿತವರು ಮಾಡಲಿ.
- ಚೆಕ್ ಎಂಜಿನ್ ದೀಪ ಸ್ಥಿರವಾಗಿ ಹತ್ತಿದ್ದರೆ ಬೇಗ ತೋರಿಸಿ. ಮಿನುಗುತ್ತಿದ್ದರೆ ತೀವ್ರ ಮಿಸ್‌ಫೈರ್ ಎಂದರ್ಥ. ವೇಗ ಇಳಿಸಿ, ಸಾಧ್ಯವಾದಷ್ಟು ಬೇಗ ನಿಲ್ಲಿಸಿ.

ಕೆಲವು ಎಚ್ಚರಿಕೆಗಳು. ಎಂಜಿನ್ ಓಡುವಾಗ ಬಾನೆಟ್ ಒಳಗೆ ಬಗ್ಗಿದರೆ ದುಪಟ್ಟಾ, ಸೆರಗು, ಟೈ, ಕೂದಲು ಬೆಲ್ಟಿಗೆ ಸಿಗಬಹುದು. ರೇಡಿಯೇಟರ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗಬಹುದು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಜಾಕ್ ಒಂದರ ಭರವಸೆಯ ಮೇಲೆ ಕಾರಿನ ಕೆಳಗೆ ನುಸುಳಲೇಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಲು ರಸ್ತೆಗೆ ಹಾಸಿರುತ್ತಾರೆ. ಒಣ ಸೊಪ್ಪು ಕಾರಿನ ಕೆಳಗೆ ಸುತ್ತಿಕೊಂಡು ಕಾದ ಹೊಗೆಕೊಳವೆಗೆ ತಾಗಿದರೆ ಬೆಂಕಿ ಹತ್ತುತ್ತದೆ. ಹಾಗೆ ಸುಟ್ಟುಹೋದ ಕಾರುಗಳ ಸುದ್ದಿ ನೀವೂ ಓದಿರುತ್ತೀರಿ. ಮಿಸ್‌ಫೈರ್ ಇರುವ ಕಾರಿನ ಕನ್ವರ್ಟರ್ ಮಾಮೂಲಿಗಿಂತ ಹೆಚ್ಚು ಕಾದಿರುತ್ತದೆ, ಅಪಾಯವೂ ಅಷ್ಟೇ ಹೆಚ್ಚು. ಇಂತಹ ಒಕ್ಕಣೆಯ ಮೇಲೆ ಹಾಯಿಸಬೇಡಿ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

"ಎಂಜಿನ್ ಇಳಿಸಬೇಕು" ಎಂದ ಕೂಡಲೇ ಒಪ್ಪಬೇಡಿ, ಜಗಳವನ್ನೂ ಆಡಬೇಡಿ. ಈ ನಾಲ್ಕು ಪ್ರಶ್ನೆ ಕೇಳಿ: ಸ್ಕ್ಯಾನರ್‌ನಲ್ಲಿ ಯಾವ ಕೋಡ್ ಬಂತು? ಕಂಪ್ರೆಷನ್ ಟೆಸ್ಟ್‌ನಲ್ಲಿ ಪ್ರತಿ ಸಿಲಿಂಡರ್ ಎಷ್ಟು ತೋರಿಸಿತು? ಆಯಿಲ್ ಒತ್ತಡವನ್ನು ಗೇಜ್ ಹಾಕಿ ನೋಡಿದಿರಾ? ಎಕ್ಸಾಸ್ಟ್ ಕಟ್ಟಿಕೊಂಡಿಲ್ಲ ಎಂದು ಪರೀಕ್ಷಿಸಿದಿರಾ? ಉತ್ತರಗಳನ್ನು ಬರೆದುಕೊಡಲು ಹೇಳಿ. ಬದಲಿಸಿದ ಹಳೆ ಭಾಗಗಳನ್ನು ನೋಡಲು ಕೇಳಿ. ಒಳ್ಳೆಯ ಮೆಕ್ಯಾನಿಕ್ ಇವುಗಳಿಂದ ಬೇಸರಪಡುವುದಿಲ್ಲ. ಪರೀಕ್ಷೆ ಮಾಡಿಯೂ ಎಂಜಿನ್ ಕೆಲಸ ಬೇಕೆಂದು ತೋರಿದರೆ ಆಗ ಖರ್ಚು ಮಾಡುವುದೋ ಮಾರುವುದೋ ಎಂದು ತಿಳಿದು ನಿರ್ಧರಿಸಬಹುದು.

ಕೊನೆಯ ಮಾತು

ಟ್ಯಾಂಕಿಗೆ ಥಿನ್ನರ್ ಹಾಕಿದರೆ ಹಳೆ ಎಂಜಿನ್ ಹೊಸದಾಗುತ್ತದೆ ಎಂಬ ಸಂದೇಶ ಸುಳ್ಳು ಮತ್ತು ಅಪಾಯಕಾರಿ. ಆ ಸಂದೇಶ ನಿಮಗೂ ಬಂದಿದ್ದರೆ ಮುಂದೆ ಕಳುಹಿಸಬೇಡಿ. ಕಳುಹಿಸಿದವರು ಕೆಟ್ಟ ಉದ್ದೇಶದಿಂದ ಕಳುಹಿಸಿರಲಾರರು, ನಾಲ್ಕು ಕಾಸು ಉಳಿಯಲಿ ಎಂದೇ ಕಳುಹಿಸಿರುತ್ತಾರೆ. ಅವರಿಗೆ ಬೈಯುವ ಬದಲು ಈ ಲೇಖನ ಕಳುಹಿಸಿ.

ನಮ್ಮ ಕಾರು ಈಗ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುತ್ತಿದೆ. ಅಪ್ಪ ತಂದಿಟ್ಟಿದ್ದ ಥಿನ್ನರ್ ಡಬ್ಬ ಮನೆಯ ಗೇಟಿಗೆ ಬಣ್ಣ ಬಳಿಯುವಾಗ ಖರ್ಚಾಯಿತು. ಅದಕ್ಕೆ ಸರಿಯಾದ ಜಾಗ ಅದೇ.